ಗುರುವಾರ ಹತ್ತೂವರೆ: ಮೈಸೂರಿನ ಒಂದು ಹೋಂಸ್ಕೂಲ್ ಬಳಗದ ಪ್ರಕರಣ

2018ರ ನವೆಂಬರ್. ಒಂದು ಗುರುವಾರ. ಸರಸ್ವತಿಪುರಂನ ಹಳೇ ಮನೆಯೊಂದರ ಜಗಲಿಯ ಮೇಲೆ ನಾನು, ನನ್ನ 8 ವರ್ಷದ ಮಗಳು, ಆ ಮನೆಯ ಅಜ್ಜಿ, ಒಂದು ಡಬ್ಬಿ ಚಕ್ಕುಲಿ. ಹತ್ತೂವರೆಗೆ ಬರ್ತೀವಿ ಅಂದಿದ್ದವರು, ನಮ್ಮ ಹಾಗೆ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಐದು ಮನೆಯವರು. ಹನ್ನೊಂದಾಯಿತು. ಒಬ್ಬರ ಮಗುವಿಗೆ ನೆಗಡಿ. ಇನ್ನೊಬ್ಬರ ಮನೆಗೆ ನೆಂಟರು. ಮತ್ತೊಬ್ಬರು ಮೆಸೇಜನ್ನೇ ನೋಡಿಲ್ಲ. ಹನ್ನೆರಡರ ಹೊತ್ತಿಗೆ ಅಜ್ಜಿ ಎದ್ದು, "ಬಂದೋರಿಗಾದ್ರೂ ಎಲೆ ಹಾಕ್ತೀನಿ, ಏಳಿ" ಅಂದರು. ಬಂದೋರು ಅಂದರೆ ನಾವಿಬ್ಬರೇ. ಆ ದಿನದ ತಿಳಿಸಾರಿಗೆ ಉಪ್ಪಿತ್ತೋ ಇಲ್ಲವೋ, ಸಿಟ್ಟಿನಲ್ಲಿ ನನಗೆ ಗೊತ್ತಾಗಲಿಲ್ಲ.

ಈಗ ಅದೇ ಜಗಲಿಯಲ್ಲಿ ಗುರುವಾರ ಬಂತೆಂದರೆ ಚಪ್ಪಲಿ ಬಿಡಲು ಜಾಗ ಹುಡುಕಬೇಕು. ಹಾಸನದಿಂದ, ಶಿವಮೊಗ್ಗದಿಂದ, ಹುಬ್ಬಳ್ಳಿಯಿಂದ ಫೋನ್ ಮಾಡಿ "ನೀವು ಹೇಗೆ ಶುರು ಮಾಡಿದ್ರಿ?" ಅಂತ ಕೇಳುವವರಿದ್ದಾರೆ. ಫೋನಿನಲ್ಲಾದರೆ ಚೆನ್ನಾಗಿ ನಡೆದದ್ದನ್ನೇ ಹೇಳಿಬಿಡುತ್ತೇನೆ. ಬರೆಯಲು ಕೂತರೆ ಡೈರಿ ಎದುರಿಗಿರುತ್ತದೆ, ಸುಳ್ಳು ಹೇಳಲು ಬಿಡುವುದಿಲ್ಲ. ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ತುಂಬುವವಳು. ಎಲ್ಲವನ್ನೂ ಬರೆದಿಡುವ ಚಟ ಇದೆ. ಯಾರ ಹೆಸರನ್ನೂ ಹಾಕಿಲ್ಲ, ಎಲ್ಲರೂ ಇದೇ ಊರಿನಲ್ಲಿ ಓಡಾಡಿಕೊಂಡಿರುವವರು.

ಮಂಗಳವಾರ ಬೆಳಿಗ್ಗೆ ಹನ್ನೊಂದು

ಮಗಳು ಮೂರನೇ ಕ್ಲಾಸಿಗೆ ಕಾಲಿಟ್ಟ ಎರಡೇ ತಿಂಗಳಿಗೆ ಶಾಲೆ ಬಿಡಿಸಿದೆವು. ಯಾಕೆ ಅನ್ನುವುದು ಉದ್ದದ ಕಥೆ, ಇಲ್ಲಿ ಬೇಡ. ಭಾನುವಾರ ಸಂಜೆಯಾದರೆ ಹೊಟ್ಟೆನೋವು ಬರುತ್ತಿತ್ತು, ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು, ಅಷ್ಟು ಸಾಕು. ಟಿಸಿ ತಂದ ದಿನ ಗಂಡ ಹೆಂಡತಿ ಇಬ್ಬರೂ ದೊಡ್ಡ ಯುದ್ಧ ಗೆದ್ದವರ ಹಾಗೆ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು.

ಪಾಠ ಹೇಗೆ ಹೇಳಿಕೊಡ್ತೀರಿ ಅಂತ ಎಲ್ಲರೂ ಹೆದರಿಸಿದ್ದರು. ಪಾಠ ಕಷ್ಟವಾಗಲೇ ಇಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮೂರನೇ ಕ್ಲಾಸಿನ ಗುಣಾಕಾರ ಹೇಳಿಕೊಡಲು ಲೆಕ್ಕದವಳಾದ ನನಗೇನು ಕಷ್ಟ? ಕಷ್ಟವಾದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಬುಧವಾರದ ಹನ್ನೊಂದು ಅಂದರೂ ಸರಿಯೇ. ಆ ಹೊತ್ತಿಗೆ ಬೀದಿಯಲ್ಲಿ ಒಂದು ಮಗುವೂ ಇರುವುದಿಲ್ಲ. ಸೊಪ್ಪಿನವಳು ಕೂಗಿಕೊಂಡು ಹೋಗಿ ಆಗಿರುತ್ತದೆ. ಎದುರುಮನೆಯ ನಾಯಿ ಕೂಡ ಮಲಗಿರುತ್ತದೆ. ಮಗಳು ಗೇಟಿಗೆ ನೇತಾಡಿಕೊಂಡು, "ಅಮ್ಮಾ, ಇವತ್ತು ಯಾರಾದ್ರೂ ಬರ್ತಾರಾ?" ಅಂತ ಕೇಳುತ್ತಿದ್ದಳು. ಒಂದು ದಿನ ಗ್ಯಾಸ್ ಸಿಲಿಂಡರ್ ತಂದ ಹುಡುಗನನ್ನು ಮಾತಾಡಿಸಿ ಮಾತಾಡಿಸಿ ಅರ್ಧ ಗಂಟೆ ನಿಲ್ಲಿಸಿಕೊಂಡಿದ್ದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ನನ್ನ ಪಾಡೂ ಬೇರೆಯಲ್ಲ. ಮದುವೆ ಮನೆಗೆ ಹೋದರೆ ಪಕ್ಕದ ಎಲೆಯವರು ಮೊದಲು ಕೇಳುವುದೇ, "ಮಗು ಯಾವ ಸ್ಕೂಲು?" ಉತ್ತರ ಕೊಟ್ಟರೆ ಪಾಯಸ ಬರುವ ತನಕ ವಾದ. ನಮ್ಮತ್ತೆ ಆರು ತಿಂಗಳ ಕಾಲ ನೆಂಟರಿಗೆಲ್ಲ "ಸ್ಕೂಲಿಗೆ ರಜ" ಅಂತಲೇ ಹೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ. ನನಗೇ ಧೈರ್ಯವಾಗಿ ಹೇಳಲು ಬಾರದ ಮಾತನ್ನು ಅವರು ಹೇಗೆ ಹೇಳಿಯಾರು?

ಹುಡುಕುತ್ತಾ ಹೋದಂತೆ ನಮ್ಮಂಥವರು ಒಬ್ಬೊಬ್ಬರಾಗಿ ಸಿಕ್ಕಿದರು. ಕುವೆಂಪುನಗರದಲ್ಲಿ ಇಬ್ಬರು ಗಂಡುಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದ ಒಬ್ಬ ಅಕ್ಕ. ಬೋಗಾದಿಯ ಸಾಫ್ಟ್‌ವೇರ್ ದಂಪತಿ. ಆಮೇಲೆ ಇನ್ನೂ ಮೂರು ಮನೆ. ಸರಸ್ವತಿಪುರಂನ ಅಜ್ಜಿ ಆ ಕುವೆಂಪುನಗರದ ಅಕ್ಕನಿಗೆ ದೊಡ್ಡಮ್ಮ ಆಗಬೇಕು. ಮಕ್ಕಳು ಹೊರದೇಶದಲ್ಲಿದ್ದಾರೆ, ಮನೆ ಖಾಲಿ. "ಮಕ್ಕಳ ಸದ್ದು ಕೇಳಿದ್ರೆ ಸಾಕು, ಬಾಡಿಗೆ ಬೇಡ" ಅಂದಿದ್ದರು.

ಸಂತೆಯ ದಿನ

ಯಾರೂ ಬಾರದ ಆ ಗುರುವಾರದ ನಂತರ ನಾನು ಮಾಡಿದ ಮೊದಲ ಕೆಲಸ, ವಾಟ್ಸಾಪಿನಲ್ಲಿ "ಯಾರಿಗೆ ಯಾವ ದಿನ ಅನುಕೂಲ?" ಅಂತ ವೋಟು ಹಾಕಿಸಲು ಹೊರಟದ್ದು. ಆರು ಮನೆ, ಐದು ಬೇರೆ ಬೇರೆ ದಿನ. ಅಜ್ಜಿಗೆ ಇದನ್ನು ಹೇಳಿದರೆ ನಕ್ಕರು. "ಒಂದು ವಾರ ವ್ಯಾಪಾರ ಆಗಲಿಲ್ಲ ಅಂತ ಸಂತೆ ದಿನ ಬದಲಾಯಿಸ್ತಾರೇನೇ? ಗುರುವಾರ ಅಂದ್ಮೇಲೆ ಗುರುವಾರ. ಯಾರೂ ಬರದಿದ್ರೂ ನೀನು ಬಂದು ಕೂತ್ಕೋ."

ಹಾಗೇ ಮಾಡಿದೆ. ಡೈರಿ ಪ್ರಕಾರ ಮುಂದಿನ ಎಂಟು ಗುರುವಾರಗಳಲ್ಲಿ ಎರಡು ಸಲ ನಾವಿಬ್ಬರೇ ಇದ್ದೆವು. ಮೂರು ಸಲ ಇನ್ನೊಂದು ಮನೆ ಬಂತು. ಒಂಬತ್ತನೇ ವಾರ ನಾಲ್ಕು ಮನೆ. ಆಮೇಲೆ ಕೋವಿಡ್ ಬರುವ ತನಕ ಆ ಸಂಖ್ಯೆ ಇಳಿಯಲೇ ಇಲ್ಲ. ಬಳಗ ಕಟ್ಟಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದೂ ಇದೇ: ಎಲ್ಲರಿಗೂ ಅನುಕೂಲವಾದ ದಿನ ಅಂತ ಒಂದು ಇಲ್ಲ. ಒಂದು ದಿನ ಹಿಡಿದುಕೊಂಡು ಕೂತರೆ ಜನ ತಮ್ಮ ವಾರವನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಬಾಗಿಲು ತೆಗೆದಿರುತ್ತದೆ ಅನ್ನುವ ಭರವಸೆ ಮುಖ್ಯ. ನೆಗಡಿಯಾದ ಮಗುವಿನ ತಾಯಿ ಈ ವಾರ ಬಾರದಿದ್ದರೂ, ಮುಂದಿನ ವಾರ ಯಾರನ್ನೂ ಕೇಳದೆ ಬರಬಹುದು.

ತಟ್ಟೆ, ಏಣಿ, ಟೀಚರಮ್ಮ

ಜನ ಸೇರಿದ ಮೇಲೆ ಬೇರೆಯದೇ ತಲೆನೋವು. 5 ವರ್ಷದಿಂದ 13 ವರ್ಷದ ತನಕ 11 ಮಕ್ಕಳು, ಒಂದೇ ಹಜಾರ. ಬೋಗಾದಿಯ ಅಪ್ಪ ಪ್ರೊಜೆಕ್ಟರ್ ತಂದು ಸೌರಮಂಡಲ ತೋರಿಸಿದರು. ದೊಡ್ಡವರಿಗೆ ಗೊತ್ತಿದ್ದದ್ದೇ, ಸಣ್ಣವರಿಗೆ ಅರ್ಥವಾಗದ್ದು. ಅರ್ಧ ಗಂಟೆಯಲ್ಲಿ ಸಣ್ಣವರು ಪ್ರೊಜೆಕ್ಟರ್ ಬೆಳಕಿಗೆ ಕೈ ಹಿಡಿದು ಗೋಡೆಯ ಮೇಲೆ ಮೊಲ, ನಾಯಿ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ಆವತ್ತು ಎಲ್ಲರೂ ಕಲಿತದ್ದು ಅಷ್ಟೇ.

ಇದಕ್ಕೆ ದಾರಿ ತೋರಿಸಿದವರು ಅಜ್ಜಿಯ ಪಕ್ಕದ ಮನೆಯಲ್ಲಿದ್ದ, ನಿವೃತ್ತರಾದ ಸರ್ಕಾರಿ ಶಾಲೆಯ ಟೀಚರಮ್ಮ. ಎಚ್.ಡಿ. ಕೋಟೆ ತಾಲೂಕಿನ ಹಳ್ಳಿಗಳಲ್ಲಿ ಪಾಠ ಮಾಡಿದವರು. ನಲಿ-ಕಲಿ ಅನ್ನುವ ಕ್ರಮ ಕರ್ನಾಟಕದಲ್ಲಿ ಶುರುವಾದದ್ದೇ ಆ ತಾಲೂಕಿನಲ್ಲಿ, 1995ರಲ್ಲಿ. ಒಂದೇ ಕೋಣೆ, ಒಬ್ಬರೇ ಟೀಚರ್, ಮೂರು ಕ್ಲಾಸಿನ ಮಕ್ಕಳು ಇರುವ ಶಾಲೆಗಳಿಗೆ ಹೊಂದುವ ಕ್ರಮ ಅದು. ಪ್ರತಿ ಮಗುವಿಗೂ ಕಲಿಕೆಯ ಏಣಿಯಲ್ಲಿ ತನ್ನದೇ ಮೆಟ್ಟಿಲು. ಮಕ್ಕಳು ತಟ್ಟೆಗಳಾಗಿ ಕೂರುತ್ತಾರೆ, ಅಂದರೆ ಗುಂಪುಗಳಾಗಿ. ಒಂದು ತಟ್ಟೆಗೆ ಟೀಚರ್ ಪೂರ್ತಿ ಪಕ್ಕದಲ್ಲಿರಬೇಕು. ಇನ್ನೊಂದಕ್ಕೆ ಆಗಾಗ ಬಂದು ನೋಡಿದರೆ ಸಾಕು. ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ. ಕೊನೆಯದರಲ್ಲಿ ತಾವಾಗಿ ಕಲಿಯುತ್ತಾರೆ.

"ನೀವು ಸ್ಕೂಲ್ ಬಿಟ್ಟು ಬಂದು ಇಲ್ಲಿ ಇನ್ನೊಂದು ಸ್ಕೂಲ್ ಮಾಡ್ತಿದ್ದೀರಲ್ಲ, ಅದೂ ಕೆಟ್ಟ ಸ್ಕೂಲು" ಅಂದರು ಟೀಚರಮ್ಮ. ಖಾಸಗಿ ಶಾಲೆಯಿಂದ ಓಡಿ ಬಂದ ನಮಗೆ ಸರ್ಕಾರಿ ಶಾಲೆಯ ಮೇಲೆ ಒಳಗೊಳಗೇ ಒಂದು ತಾತ್ಸಾರ ಇತ್ತು. ನಮ್ಮ ಕಷ್ಟಕ್ಕೆ ಔಷಧಿ ಕೊನೆಗೆ ಅಲ್ಲೇ ಸಿಕ್ಕಿತು. ಟೀಚರಮ್ಮ ಹೇಳಿದಂತೆ ವಯಸ್ಸಿನ ಲೆಕ್ಕ ಬಿಟ್ಟೆವು. ಒಂದು ಮೂಲೆಯಲ್ಲಿ ಅಪ್ಪನೋ ಅಮ್ಮನೋ ಕೂತು ಹೇಳಿಕೊಡುವ ಕೆಲಸ, ಇನ್ನೊಂದು ಮೂಲೆಯಲ್ಲಿ ದೊಡ್ಡ ಮಗು ಸಣ್ಣ ಮಗು ಜೋಡಿ, ಜಗಲಿಯಲ್ಲಿ ಸುಮ್ನೆ ಓದಿಕೊಳ್ಳುವವರು. ಹಿತ್ತಿಲಲ್ಲಿ ಏನೂ ಮಾಡದವರು. ಹಿತ್ತಿಲಿಗೆ ಯಾವಾಗಲೂ ಜಾಸ್ತಿ ಜನ.

ಹೂವಿನೋಳ ಕೈ

2019ರಲ್ಲಿ ಬಂದ ಒಂದು ಕುಟುಂಬ ನಮ್ಮ ಬಳಗವನ್ನು ತಿರುಗಿಸಿ ಹಾಕಿತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಂಜನಗೂಡಿನ ಹತ್ತಿರದ ಹಳ್ಳಿಯವರು. ಅಪ್ಪ ಟೆಂಪೋ ಓಡಿಸುತ್ತಾರೆ, ಅಮ್ಮ ಮನೆಯಲ್ಲಿ ಹೂ ಕಟ್ಟಿ ಮಾರುತ್ತಾರೆ. 10 ವರ್ಷದ ಮಗನಿಗೆ ಅಕ್ಷರ ಹಿಡಿಯುತ್ತಿರಲಿಲ್ಲ. ಬಾಯಲ್ಲಿ ಕೇಳಿದರೆ ಎಲ್ಲಾ ಗೊತ್ತು, ಹಾಳೆ ಕೊಟ್ಟರೆ ಬೆವರು. ಶಾಲೆಯಲ್ಲಿ ಕೊನೇ ಬೆಂಚಿಗೆ ಹೋದ, ಆಮೇಲೆ ಹೋಗುವುದನ್ನೇ ಬಿಟ್ಟ. ಯಾರೋ ಹೇಳಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆತಂದಿದ್ದರು. ಅಲ್ಲಿ ಪರೀಕ್ಷೆ ಮಾಡಿ ಕಲಿಕೆಯ ತೊಂದರೆ, ಬುದ್ಧಿಗೆ ಏನೂ ಕೊರತೆಯಿಲ್ಲ ಅಂದರು. ಸರಸ್ವತಿಪುರಂ ಅಲ್ಲಿಂದ ಹತ್ತಿರ. ಟೀಚರಮ್ಮ ಅವರನ್ನು ಗುರುವಾರ ಕರೆದುಕೊಂಡು ಬಂದರು.

ನಾವೆಲ್ಲ ಯೋಚನೆ ಮಾಡಿ, ಪುಸ್ತಕ ಓದಿ, ವಾದ ಮಾಡಿ ಹೋಂಸ್ಕೂಲಿಗೆ ಬಂದವರು. ಅವರಿಗೆ ಆ ಪದವೇ ಗೊತ್ತಿರಲಿಲ್ಲ. ಬೇರೆ ದಾರಿ ಇಲ್ಲದೆ ಮಗ ಮನೆಯಲ್ಲಿದ್ದ, ಅಷ್ಟೇ.

ಆಯಮ್ಮ ಎಂಟು ಗುರುವಾರ ಬಂದರು. ಬಂದು ಗೋಡೆಗೆ ಒರಗಿ ಕೂರುವರು, ಒಂದು ಮಾತಿಲ್ಲ. ನಾಚಿಕೆ ಸ್ವಭಾವ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ವಾಟ್ಸಾಪ್ ಗುಂಪಿಗೂ ಸೇರಿಸಿದ್ದೆವು, ಅಲ್ಲೂ ಮೌನ. ಒಂಬತ್ತನೇ ವಾರ ರಾತ್ರಿ ಗುಂಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. "ಅಕ್ಕಾರೇ, ನೀವೆಲ್ಲ ಹಾಕೋದು ಇಂಗ್ಲಿಷಲ್ಲಿ. ನಂಗೆ ಓದಕ್ಕೆ ಬರಲ್ಲ. ನಾಳೆ ಏನ್ ತರಬೇಕು ಅಂತ ಗೊತ್ತಾಗ್ದೆ ಪ್ರತಿ ಸಲ ಬರೀ ಕೈಲಿ ಬತ್ತೀವಿ ಕನಕ್ಕ. ನಮ್ ಹುಡ್ಗ ಬೇಜಾರ್ ಮಾಡ್ಕತಾನೆ."

ನಾವೆಲ್ಲ ಮನೆಯಲ್ಲಿ ಕನ್ನಡ ಮಾತಾಡುವವರೇ! ಗುಂಪಿನಲ್ಲಿ ಮಾತ್ರ ಅದು ಹೇಗೋ ಇಂಗ್ಲಿಷ್ ಆಗಿಬಿಟ್ಟಿತ್ತು. ಹೋಂಸ್ಕೂಲ್ ಬಗ್ಗೆ ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಅದಕ್ಕೇ ಇರಬೇಕು. ಆ ರಾತ್ರಿಯಿಂದ ಗುಂಪಿನ ಭಾಷೆ ಕನ್ನಡ, ಮುಖ್ಯವಾದದ್ದು ವಾಯ್ಸ್ ಮೆಸೇಜಿನಲ್ಲಿ. ಬೋಗಾದಿಯವರ ಮನೆಮಾತು ತೆಲುಗು, ಅವರ ಕನ್ನಡ ಇದರಿಂದಲೇ ಸುಧಾರಿಸಿತು.

ಮುಂದಿನ ವಾರ ಆಯಮ್ಮನನ್ನು, "ನೀವೇ ಏನಾದ್ರೂ ಹೇಳಿಕೊಡಿ" ಅಂತ ಕೇಳಿದೆವು. ಅವರು ಮಲ್ಲಿಗೆ, ಕಾಕಡ, ಬಾಳೆನಾರು ತಂದರು. ಮಕ್ಕಳೆಲ್ಲ ಹೂ ಕಟ್ಟಲು ಕೂತರು. ಕಟ್ಟಿ ಮುಗಿದ ಮಾಲೆಗಳನ್ನು ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿದರು. ಎಷ್ಟು ಮೊಳ ಅಂತ ಅಳೆಯಬೇಕಾಯಿತು. ಅಜ್ಜಿ ಅಳೆದರೆ ಏಳೂವರೆ. ಬೋಗಾದಿಯ ಅಪ್ಪ ಅಳೆದರೆ ಆರು ಚಿಲ್ಲರೆ. 5 ವರ್ಷದ ಪುಟ್ಟಿ ಪಟ್ಟು ಹಿಡಿದು ತನ್ನ ಕೈಯಲ್ಲಿ ಅಳೆದಳು, ಹತ್ತೂ ಮುಕ್ಕಾಲು. ಮಕ್ಕಳಲ್ಲಿ ಗಲಾಟೆ ಶುರುವಾಯಿತು. ಯಾರದ್ದು ಸರಿ?

ಆಗ ಆ ಹುಡುಗ ಬಾಯಿ ಬಿಟ್ಟ. ಮೊಳ ಅಂದರೆ ಮೊಳಕೈಯಿಂದ ನಡುಬೆರಳಿನ ತುದಿ. ನಾಲ್ಕು ಮೊಳಕ್ಕೆ ಒಂದು ಮಾರು. ಎಲ್ಲರದ್ದೂ ಸರಿ, ಆದರೆ ಎಲ್ಲರದ್ದೂ ಬೇರೆ. "ಅದಕ್ಕೇ ಹೂವಿನೋಳ ಕೈ ನೋಡಿ ತಗೋಬೇಕು" ಅಂದ. ನನ್ನ ಮಗಳು, "ಹಂಗಾದ್ರೆ ಉದ್ದ ಕೈಯವರ ಹತ್ರ ತಗೊಂಡ್ರೆ ಲಾಭ" ಅಂದಳು. ಅವನು ತಲೆ ಅಲ್ಲಾಡಿಸಿ, "ನಮ್ಮವ್ವಂದು ಗಿಡ್ಡ ಕೈ. ಅದಕ್ಕೇ ಅವ್ವ ಮೊಳಕ್ಕೆ ನಾಕು ಬೆರಳು ಜಾಸ್ತಿ ಬಿಡ್ತದೆ" ಅಂದ. ಆಮೇಲೆ ಇಡೀ ಮಧ್ಯಾಹ್ನ ಸ್ಕೇಲು ಹಿಡಿದು ಮನೆಮಂದಿಯ ಕೈಯನ್ನೆಲ್ಲ ಅಳೆದು, ಒಬ್ಬರ ಮೊಳ ಇನ್ನೊಬ್ಬರದಕ್ಕೆ ಎಷ್ಟು ಪಾಲು ಅಂತ ಲೆಕ್ಕ. ಭಿನ್ನರಾಶಿಯನ್ನು ಅಷ್ಟು ಜಗಳವಾಡಿ ಕಲಿತ ಮಕ್ಕಳನ್ನು ನಾನು ನೋಡಿರಲಿಲ್ಲ. ಹುಡುಗ ಆ ದಿನ ಹಾಳೆ ಮುಟ್ಟಲಿಲ್ಲ. ಎಲ್ಲರ ಲೆಕ್ಕವನ್ನೂ ಬಾಯಲ್ಲೇ ತಿದ್ದಿದ.

ಬಸ್ ಚಾರ್ಜಿನ ಕಷ್ಟ ಅವರಿಗಿತ್ತು. ಬಳಗದ ಡಬ್ಬಿಯಿಂದ ಕೊಡ್ತೀವಿ ಅಂದರೆ ಆಯಮ್ಮ ಒಪ್ಪಲಿಲ್ಲ, ತಿಂಗಳಿಗೆ ಎರಡೇ ಸಲ ಬರುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಒಂದು ಗುರುವಾರವೂ ತಪ್ಪಿಸಿಲ್ಲ. ಮಗನಿಗೆ ಮಾತ್ರ ಟಿಕೆಟ್.

ಬಾಗಿಲು ತಟ್ಟಿದವರು

2019ರಲ್ಲೇ ಇನ್ನೊಂದು ಪ್ರಸಂಗ. ಇಬ್ಬರು ಸರ್ಕಾರಿ ಶಾಲೆಯ ಶಿಕ್ಷಕಿಯರು ಸಮೀಕ್ಷೆಯ ಹಾಳೆ ಹಿಡಿದು ನಮ್ಮ ಮನೆಗೆ ಬಂದರು. ಹೈಕೋರ್ಟ್ 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ನಮ್ಮ ರಾಜ್ಯದಲ್ಲಿ ಈ ಸಮೀಕ್ಷೆ ಬಿಗಿಯಾಗಿದೆ. ಅದು ಬೇಕಾದದ್ದೇ. ಇಟ್ಟಿಗೆ ಗೂಡಿನಲ್ಲಿ ದುಡಿಯುವ ಮಗುವನ್ನೂ ನನ್ನ ಮಗಳನ್ನೂ ಒಂದೇ ಹಾಳೆಯಲ್ಲಿ ಬರೆದರೆ ನನಗೆ ಮುಜುಗರ ಆಗಬಹುದು, ಆದರೆ ಆ ಹಾಳೆ ಇರಬೇಕು.

ಕಾನೂನು ಏನು ಹೇಳುತ್ತದೆ? ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಪಾಲಕರಿಗೆ ಇಂಥ ಶಿಕ್ಷೆ ಅಂತ ಅದರಲ್ಲಿಲ್ಲ. ಹೋಂಸ್ಕೂಲ್ ಅನ್ನುವ ಪದವೇ ಅದರಲ್ಲಿಲ್ಲ. ದೆಹಲಿ ಹೈಕೋರ್ಟಿಗೆ ಹೋದ ಒಂದು ಪ್ರಕರಣದಲ್ಲಿ ಕೇಂದ್ರ ಸರ್ಕಾರ 2012ರಲ್ಲಿ, ಸ್ವಂತ ಇಚ್ಛೆಯಿಂದ ಮನೆಯಲ್ಲಿ ಕಲಿಸುವವರಿಗೆ ಈ ಕಾಯ್ದೆ ಅಡ್ಡಿಯಲ್ಲ ಅಂತ ಪ್ರಮಾಣಪತ್ರ ಸಲ್ಲಿಸಿತ್ತು. ಆದರೆ ಕಾಯ್ದೆಯಲ್ಲೇ ಆ ಮಾತು ಸೇರಿಲ್ಲ. ಅಂದರೆ ನಮ್ಮದು ಅಪರಾಧವೂ ಅಲ್ಲ, ಅಚ್ಚುಕಟ್ಟಾದ ಅನುಮತಿಯೂ ಅಲ್ಲ. ಈ ನಡುವಿನ ಜಾಗದಲ್ಲಿ ಒಂಟಿಯಾಗಿ ನಿಂತರೆ ನಡುಕ ಬರುತ್ತದೆ. ಬಳಗ ಬೇಕಾಗುವುದು ಇಲ್ಲೇ.

ಬಂದ ಶಿಕ್ಷಕಿಯರು ಜೋರು ಮಾಡಲಿಲ್ಲ. ಕಾಫಿ ಕುಡಿದರು. ಮಗಳ ನೋಟ್‌ಬುಕ್ ತಿರುವಿದರು. ಒಬ್ಬರು, "ಇದನ್ನೆಲ್ಲ ಒಂದು ಕಡೆ ಜೋಡಿಸಿ ಇಡಿ ಮೇಡಂ, ಮುಂದಿನ ಸಲ ಬೇರೆಯವರು ಬರ್ತಾರೆ" ಅಂದರು. ಅಷ್ಟು ಒಳ್ಳೆಯ ಸಲಹೆ ನಮಗೆ ಯಾವ ವಕೀಲರಿಂದಲೂ ಸಿಗಲಿಲ್ಲ. ಮುಂದಿನ ಗುರುವಾರವೇ ಎಲ್ಲಾ ಮನೆಗೂ ಒಂದೊಂದು ಫೈಲ್ ತಂದೆವು. ಜನನ ಪ್ರಮಾಣಪತ್ರ, ಆಧಾರ್, ಹಳೇ ಶಾಲೆಯ ಟಿಸಿ, ಲಸಿಕೆ ಕಾರ್ಡು, ಯಾಕೆ ಮನೆಯಲ್ಲಿ ಕಲಿಸುತ್ತಿದ್ದೇವೆ ಅಂತ ಒಂದು ಪುಟದ ಪತ್ರ, ತಿಂಗಳಿಗೊಂದು ಪುಟ ಮಗು ಏನು ಮಾಡಿತು ಅನ್ನುವ ಟಿಪ್ಪಣಿ. ತಿಂಗಳ ಕೊನೆಯ ಗುರುವಾರ ದೊಡ್ಡವರೆಲ್ಲ ಕೂತು ಟಿಪ್ಪಣಿ ಬರೆಯುತ್ತೇವೆ. ಇದು ಶುರುವಾದದ್ದು ಭಯದಿಂದ. ಈಗ ಮಕ್ಕಳೇ ತಮ್ಮ ಪುಟ ತಾವು ಬರೆಯುತ್ತಾರೆ, ಸ್ವಲ್ಪ ಉಪ್ಪುಖಾರ ಹಚ್ಚಿ.

ನೂರ ಎಂಬತ್ತು ಜನ

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಜೂನ್ ಹೊತ್ತಿಗೆ ಊರಿಗೆ ಊರೇ ಮನೆಯಲ್ಲಿ ಪಾಠ ಮಾಡುತ್ತಿತ್ತು. ನಮ್ಮ ಗುಂಪಿನಲ್ಲಿ 22 ಜನ ಇದ್ದೆವು. ಯಾರೋ ಯಾರಿಗೋ ಲಿಂಕ್ ಕೊಟ್ಟರು. ದಸರಾ ಹೊತ್ತಿಗೆ 180. ನನಗೆ ಒಳಗೊಳಗೇ ಹೆಮ್ಮೆ, ಸುಳ್ಳೇಕೆ ಹೇಳಲಿ. ಬಳಗ ಬೆಳೆಯಿತು ಅಂದುಕೊಂಡೆ.

ಬೆಳೆದದ್ದು ಗದ್ದಲ. ಶಾಲೆ ಫೀಸು ಉಳಿಸಲು ಬಂದವರು, ಗುರುಕುಲ ಬೇಕೆನ್ನುವವರು, ಪಠ್ಯವೇ ಬೇಡ ಮಗು ತಾನಾಗಿ ಕಲಿಯಲಿ ಎನ್ನುವವರು, ಆನ್‌ಲೈನ್ ಕೋಚಿಂಗ್ ಮಾರುವವರು, ಬೆಳಿಗ್ಗೆ ಐದಕ್ಕೇ ಶುಭೋದಯದ ಹೂವು ಕಳಿಸುವವರು. ಒಂದು ರಾತ್ರಿ ಲಸಿಕೆಯ ವಿಷಯಕ್ಕೆ ಶುರುವಾದ ಜಗಳ ಬೆಳಗಿನ ಜಾವದ ತನಕ ನಡೆಯಿತು. ಹಳಬರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. 2021ರ ಕೊನೆಗೆ ಶಾಲೆಗಳು ಪೂರ್ತಿ ತೆರೆದಾಗ ಹೊಸಬರು ಬಂದ ಹಾಗೇ ಹೋದರು. ಅಜ್ಜಿಯ ಜಗಲಿ ಎರಡು ವರ್ಷ ಖಾಲಿ ಬಿದ್ದಿತ್ತು.

2022ರ ಜನವರಿಯಲ್ಲಿ ಹಳೇ ಗುಂಪನ್ನು ಮುಚ್ಚಿದೆವು. ಹೊಸದಕ್ಕೆ ಒಂದೇ ಕಟ್ಟಳೆ: ಮೂರು ಗುರುವಾರ ಬಂದು ಕೂತವರಿಗೆ ಮಾತ್ರ ಗುಂಪಿನಲ್ಲಿ ಜಾಗ. ಪಠ್ಯ ಹಿಡಿಯುವವರೋ ಬಿಡುವವರೋ, ಯಾವ ದೇವರಿಗೆ ಕೈಮುಗಿಯುವವರೋ, ಕೇಳುವುದಿಲ್ಲ. ಬಂದು ಚಾಪೆ ಹಾಸಿ, ಹೋಗುವಾಗ ಚಾಪೆ ಸುತ್ತಿಟ್ಟರೆ ಸಾಕು. ಈಗ 14 ಮನೆ ಇದ್ದೇವೆ.

ನಾನು ಮಾಡಿದ ತಪ್ಪು

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. 2022ರ ಜೂನ್‌ನಲ್ಲಿ ನಮ್ಮ ಹಳಬರಲ್ಲಿ ಒಬ್ಬರು, ಜೆ.ಪಿ. ನಗರದವರು, ಮಗನನ್ನು ವಾಪಸ್ ಶಾಲೆಗೆ ಸೇರಿಸಿದರು. ಗಂಡನ ಕೆಲಸ ಹೋಗಿತ್ತು, ಅವರು ದುಡಿಯಲೇಬೇಕಿತ್ತು. ಮನೆಯಲ್ಲಿ ಇರಲು ಇನ್ನೊಬ್ಬರಿಲ್ಲ. ಗುಂಪಿನಲ್ಲಿ ಒಂದು ಸಾಲು ಬರೆದು ತಿಳಿಸಿದರು. ನಾನು ಅಡ್ಮಿನ್. "ಒಳ್ಳೇದಾಗಲಿ" ಅಂತ ಹಾಕಿ, ಒಂದು ಗಂಟೆಯೊಳಗೆ ಅವರನ್ನು ಗುಂಪಿನಿಂದ ತೆಗೆದೆ. ಕೋಪದಿಂದಲ್ಲ. ಲೆಕ್ಕದವಳ ಬುದ್ಧಿ: ಖಾತೆ ಮುಗಿಯಿತು, ಪುಟ ತಿರುವಿ ಹಾಕು.

ನಾಲ್ಕು ತಿಂಗಳ ಮೇಲೆ ದೇವರಾಜ ಮಾರುಕಟ್ಟೆಯಲ್ಲಿ ಎದುರಾದರು. ಮುಖ ತಿರುಗಿಸಲಿಲ್ಲ, ನೇರ ಕೇಳಿದರು: "ನನ್ನ ಮಗ ಶನಿವಾರ ಕುಕ್ಕರಹಳ್ಳಿ ಕೆರೆಗೆ ನಿಮ್ಮ ಮಕ್ಕಳ ಜೊತೆ ಹೆಜ್ಜಾರ್ಲೆ ನೋಡಕ್ಕೆ ಬರ್ತಿದ್ದ. ಸ್ಕೂಲಿಗೆ ಸೇರಿದ್ರೆ ಹಕ್ಕಿ ನೋಡಬಾರದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮಕ್ಕಳನ್ನು ಶಾಲೆಗೆ ಹೋಗುವವರು ದೂರ ಇಡುತ್ತಾರೆ ಅಂತ ನಾಲ್ಕು ವರ್ಷ ಅತ್ತವಳು ನಾನು.

ಆ ಶನಿವಾರ ಬೆಳಿಗ್ಗೆ ಆರೂವರೆಗೆ ಅವರ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದೆ. ಹುಡುಗ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದ. ಬಳಗದ ಮಕ್ಕಳಲ್ಲಿ ಐವರು ಈಗ ಶಾಲೆಗೆ ಹೋಗುತ್ತಾರೆ. ಶನಿವಾರದ ಕೆರೆಗೂ ರಜೆಯ ಗುರುವಾರಕ್ಕೂ ಅವರದ್ದೇ ಮೊದಲ ಹಾಜರಿ.

ಯಾರು ಎಷ್ಟು ದಿನ

2023ರ ಯುಗಾದಿಗೆ ಡೈರಿ ತೆಗೆದು ಹಿಂದಿನ ವರ್ಷದ ಗುರುವಾರ ಯಾರು ನಡೆಸಿದರು ಅಂತ ಎಣಿಸಿದೆ. 44 ಗುರುವಾರ. ಅದರಲ್ಲಿ 35 ನಾನು ಅಥವಾ ಕುವೆಂಪುನಗರದ ಅಕ್ಕ. ಅಪ್ಪಂದಿರು ನಡೆಸಿದ್ದು 3. ಅದರಲ್ಲೊಂದು ಪ್ರೊಜೆಕ್ಟರ್. ಎಣಿಸುವ ತನಕ ಗಂಡಸರಿಗೆ ತಾವೂ ಸಮಪಾಲು ಮಾಡುತ್ತಿದ್ದೇವೆ ಅನ್ನುವ ಭಾವನೆ ಪ್ರಾಮಾಣಿಕವಾಗಿಯೇ ಇತ್ತು. ಅಕ್ಕ ಆಗಲೇ ಸುಸ್ತಾಗಿ, ಬಿಡ್ತೀನಿ ಅನ್ನುವ ಹಂತದಲ್ಲಿದ್ದರು.

ಅದೇ ತಿಂಗಳು ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಎರಡು ತಿಂಗಳು ಮನೆಗೆ ಬೀಗ. ಮಲಗಿದಲ್ಲಿಂದಲೇ ಅಜ್ಜಿ ಬೀಗದ ಕೈ ತರಿಸಿ ನನಗೆ ಕೊಟ್ಟರು. ನಾನು ತಗೊಳ್ಳಲಿಲ್ಲ. ಪ್ರತಿ ವಾರ ಒಬ್ಬರ ಮನೆಗೆ ಹೋಗಲಿ ಅಂದೆ. ಬೀಗದ ಕೈ ಯಾರ ಮನೆಯಲ್ಲಿದೆಯೋ ಆ ವಾರದ ಗುರುವಾರ ಅವರದ್ದು. ಬಾಗಿಲು ತೆಗೆಯುವುದು, ಮಕ್ಕಳಿಗೆ ಏನು ಅಂತ ಯೋಚಿಸುವುದು, ಕಡಲೆಪುರಿ ತರುವುದು, ಕಸ ಗುಡಿಸುವುದು, ಎಲ್ಲಾ. ವೇಳಾಪಟ್ಟಿ ಹಾಕಿದಾಗ ಯಾರೂ ಪಾಲಿಸಿರಲಿಲ್ಲ. ಹಿತ್ತಾಳೆಯ ಆ ಭಾರದ ಬೀಗದ ಕೈ ಮನೆಯ ಮೊಳೆಗೆ ನೇತುಬಿದ್ದ ಮೇಲೆ ಮರೆಯಲಾಗುವುದಿಲ್ಲ. ಮೊದಲ ಸಲ ಅದು ನಂಜನಗೂಡಿಗೆ ಹೋದಾಗ ಟೆಂಪೋ ಓಡಿಸುವ ಅಪ್ಪ ಕೆಲಸ ಬಿಟ್ಟು ಬಂದು, ಟೆಂಪೋದ ಟೈರ್ ಬಿಚ್ಚಿ ಜಾಕ್ ಹೇಗೆ ಭಾರ ಎತ್ತುತ್ತದೆ ಅಂತ ತೋರಿಸಿದರು. ಆವತ್ತು ಹಿತ್ತಿಲಿಗೆ ಯಾರೂ ಹೋಗಲಿಲ್ಲ.

ದುಡ್ಡಿನ ವಿಷಯ ಚಿಕ್ಕದು. ಮನೆಗೆ ತಿಂಗಳಿಗೆ 200 ರೂಪಾಯಿ, ಆಗದವರು ಕೊಡಬೇಕಿಲ್ಲ. ಯಾರು ಕೊಟ್ಟರು ಅಂತ ನನ್ನೊಬ್ಬಳಿಗೆ ಗೊತ್ತು, ನಾನು ಹೇಳುವುದಿಲ್ಲ.

ಹತ್ತನೇ ಕ್ಲಾಸು

ಹೊಸದಾಗಿ ಬಂದವರ ದೊಡ್ಡ ಭಯ ಇದು: ಮುಂದೆ ಪರೀಕ್ಷೆ? ನಮ್ಮಲ್ಲಿ ಹೆಚ್ಚಿನವರು ಹಿಡಿದದ್ದು ಎನ್‌ಐಒಎಸ್ ದಾರಿ, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಿಂದ ಇದೆ, ಕೇಂದ್ರ ಸರ್ಕಾರದ್ದು. ಹತ್ತನೇ ಕ್ಲಾಸಿಗೆ 14 ತುಂಬಿರಬೇಕು. ಹಿಂದಿನ ಶಾಲೆಯ ಅಂಕಪಟ್ಟಿ ಇಲ್ಲದಿದ್ದರೂ, ಇಷ್ಟು ಓದಿದ್ದೇನೆ ಅಂತ ಮಗುವೇ ಬರೆದುಕೊಡುವ ಪತ್ರ ಸಾಕು. ಐದು ವಿಷಯ, ತೇರ್ಗಡೆಗೆ ನೂರಕ್ಕೆ 33 ಅಂಕ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ಎಲ್ಲಾ ವಿಷಯವನ್ನು ಒಂದೇ ಸಲ ಬರೆಯಬೇಕಿಲ್ಲ, ಐದು ವರ್ಷದ ಅವಕಾಶ ಇದೆ. ಕಲಿಕೆಯ ತೊಂದರೆ ಇರುವವರಿಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ನಂಜನಗೂಡಿನ ಹುಡುಗ ಒಂದೊಂದೇ ವಿಷಯ ಬರೆಯುತ್ತಿರುವುದು ಹೀಗೆ. ಮೂರು ಮುಗಿಸಿದ್ದಾನೆ.

ಕೇಳಲು ಸಲೀಸು. 2022ರಲ್ಲಿ ಕುವೆಂಪುನಗರದ ಅಕ್ಕನ ದೊಡ್ಡ ಮಗ ಮೊದಲು ಬರೆದಾಗ ಎಡವಿದ್ದು ಟಿಎಂಎ ಅನ್ನುವಲ್ಲಿ. ಮನೆಯಲ್ಲಿ ಬರೆದು ಅಧ್ಯಯನ ಕೇಂದ್ರಕ್ಕೆ ಕೊಡಬೇಕಾದ ಉತ್ತರಗಳು ಇವು, 20 ಅಂಕ ಇದರ ಮೇಲೆ ನಿಂತಿದೆ. ಕೊನೇ ದಿನಾಂಕ ಅವರಿಗೆ ಗೊತ್ತೇ ಆಗಲಿಲ್ಲ. ವಿಜ್ಞಾನದ ಪ್ರಾಕ್ಟಿಕಲ್ ಎಲ್ಲಿ ಮಾಡಿಸುವುದು ಅಂತ ಅಲೆದರು. ಅವರು ಅಲೆದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದರು, ಯಾವ ತಿಂಗಳು ಯಾವ ಕೆಲಸ ಅಂತ. ಆಮೇಲೆ ಬರೆದವರೆಲ್ಲ ಅದಕ್ಕೆ ತಮ್ಮ ಸಾಲು ಸೇರಿಸಿದರು. ಆ ನೋಟ್‌ಬುಕ್ಕಿನ ರಟ್ಟು ಕಿತ್ತುಹೋಗಿ ಈಗ ಹೊಲಿಗೆ ಹಾಕಿದೆ. ನನ್ನ ಮಗಳು 2024ರ ಅಕ್ಟೋಬರ್‌ನಲ್ಲಿ ಬರೆಯುವಾಗ ನಾವು ಹೊಸದಾಗಿ ಎಡವಲು ಏನೂ ಉಳಿದಿರಲಿಲ್ಲ.

ಉಳಿದಿತ್ತು, ಒಂದು. 2025ರಲ್ಲಿ ಅವಳನ್ನು ಪಿಯುಸಿಗೆ ಸೇರಿಸಲು ಹೋದೆ. ಕಾಲೇಜು ಆಫೀಸಿನ ಗುಮಾಸ್ತರು ಅಂಕಪಟ್ಟಿ ತಿರುಗಿಸಿ ಮುರುಗಿಸಿ ನೋಡಿ, "ಟಿಸಿ ಎಲ್ಲಮ್ಮ? ಟಿಸಿ ಇಲ್ಲದೆ ಆಗಲ್ಲ" ಅಂದರು. ನನಗೆ ಏಳು ವರ್ಷದ ಹಿಂದಿನ ಮಸಾಲೆ ದೋಸೆ ನೆನಪಾಯಿತು. ಜೊತೆಯಲ್ಲಿ ಜೆ.ಪಿ. ನಗರದವರು ಬಂದಿದ್ದರು, ಹೌದು, ನಾನು ಗುಂಪಿನಿಂದ ತೆಗೆದವರೇ. ಈಗ ಅವರು ಒಂದು ಶಾಲೆಯ ಆಫೀಸಿನಲ್ಲೇ ಕೆಲಸ ಮಾಡುತ್ತಾರೆ. ಫೈಲಿನಿಂದ ಒಂದು ಹಾಳೆ ಎಳೆದು ಮೇಜಿನ ಮೇಲಿಟ್ಟರು. "ಸಾರ್, ಮುಕ್ತ ಶಾಲೆಯವರು ಮೈಗ್ರೇಷನ್ನು ಟಿಸಿ ಎರಡನ್ನೂ ಸೇರಿಸಿ ಒಂದೇ ಸರ್ಟಿಫಿಕೇಟ್ ಕೊಡ್ತಾರೆ. ಇಗೋ, ತಲೆಬರಹ ಓದಿ." ಅವರು ಓದಿದರು, ಕನ್ನಡಕ ಮೇಲೆ ಮಾಡಿ ಇನ್ನೊಮ್ಮೆ ಓದಿದರು, ಸೀಲು ಹೊಡೆದರು.

ಮಗಳು ಈಗ ಬೆಳಿಗ್ಗೆ ಎಂಟೂಕಾಲಿಗೆ ಕಾಲೇಜಿಗೆ ಹೋಗುತ್ತಾಳೆ. ಮಂಗಳವಾರ ಹನ್ನೊಂದು ಗಂಟೆಗೆ ಮನೆಯಲ್ಲಿ ನಾನೊಬ್ಬಳೇ. ಕಳೆದ ಭಾನುವಾರ ಬೋಗಾದಿಯವರು ಬೀಗದ ಕೈ ತಂದುಕೊಟ್ಟು, "ಈ ವಾರ ನಿಮ್ಮದು, ಆದ್ರೆ ಮಗಳು ಬರಲ್ಲವಲ್ಲ, ಬೇರೆಯವರಿಗೆ ಕೊಡ್ಲಾ?" ಅಂತ ಕೇಳಿದರು. ನಾನು ಮೊಳೆಗೆ ನೇತುಹಾಕಿದೆ. ಗುರುವಾರ ಹತ್ತಕ್ಕೇ ಹೋಗಿ ಬಾಗಿಲು ತೆಗೆದೆ. ಕೋಲು ಊರಿಕೊಂಡು ಅಜ್ಜಿ ಜಗಲಿಗೆ ಬಂದು ಕೂತರು. ಹತ್ತೂವರೆಗೆ ಒಬ್ಬ ಹೊಸ ಅಮ್ಮ, ಪರಿಚಯವಿಲ್ಲದವರು, 6 ವರ್ಷದ ಹುಡುಗನ ಕೈ ಹಿಡಿದುಕೊಂಡು ಗೇಟಿನ ಹೊರಗೇ ನಿಂತಿದ್ದರು. ಒಳಗೆ ಬರಲೋ ಬೇಡವೋ ಅಂತ ನೋಡುತ್ತಿದ್ದರು. ಅಜ್ಜಿ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದರು.